ಆಗಸ್ಟ್ ಕ್ರೋಗ್ ಮಹಾಶಯರೂ ಮಾರೀ ಅಮ್ಮನವರೂ

ಬೆಟ್ಟವನ್ನೇರುವಾಗ ಏದುಸಿರು ಬರುವುದು ಏತಕ್ಕೆಂದು ಕೇಳಿದರೆ, ಆಯಾಸವಾಗುವುದರಿಂದ ಎಂದು ನಮ್ಮ ವಿದ್ಯಾರ್ಥಿನಿಯರು ಉತ್ತರ ಕೊಡುವುದುಂಟು. ಇದು ಉತ್ತರವಲ್ಲ, ಪ್ರಶ್ನೆಯನ್ನೇ ತಿರುಗಿಸಿ ಹೇಳಿದ ಮಾತು. ಶ್ರೀರಂಗಪಟ್ಟಣದ ಬಳಿಯ ಕರೀಘಟ್ಟದ ಮೆಟ್ಟಿಲುಗಳನ್ನಾಗಲಿ, ಪಾಂಡವಪುರದ ಕುಂತಿಬೆಟ್ಟದ ಬಂಡೆಗಳನ್ನಾಗಲಿ ಓಡುತ್ತ ಏರುವ ಬಾಲಿಕೆಯ ಕಾಲಿನ ಮಾಂಸಖಂಡಗಳು, ಆಕೆಯು ಸುಮ್ಮನೆ ಕುಳಿತಿರುವಾಗ ಬೇಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಆಮ್ಲಜನಕವನ್ನು ಬೇಡುತ್ತವೆ. ಅಷ್ಟನ್ನು ಶ್ವಾಸಕೋಶವು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ, ರಕ್ತವು ಹೇಗೆ ಹೊತ್ತೊಯ್ಯುತ್ತದೆ, ಮಾಂಸದ ಒಂದೊಂದು ಎಳೆಗೂ ಅದು ಹೇಗೆ ಹಂಚಿಕೆಯಾಗುತ್ತದೆ ಎಂಬ ಪ್ರಶ್ನೆಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿದವರು ಡೆನ್ಮಾರ್ಕ್ ದೇಶದ ಆಗಸ್ಟ್ ಕ್ರೋಗ್ ಮಹಾಶಯರು. ಅವರ ಚರಿತ್ರೆಯನ್ನು ಬರೆಯಹೊರಟರೆ ಅವರ ಪತ್ನಿ ಮಾರೀ ಅಮ್ಮನವರ ಚರಿತ್ರೆಯನ್ನೂ ಬರೆಯದೆ ಗತ್ಯಂತರವಿಲ್ಲ. ಬಾಲಿಕೆಯರ ಪಾಠಶಾಲೆಯ ಸಂಚಿಕೆಗೆ ಇವರನ್ನು ನಾವು ಆರಿಸಿಕೊಂಡುದಕ್ಕೆ ಇದೂ ಒಂದು ಕಾರಣ.

ಆಗಸ್ಟ್ ಕ್ರೋಗರು ೧೮೭೪ನೆಯ ಇಸವಿ ನವೆಂಬರ್ ೧೫ರಂದು ಜಟ್ಲೆಂಡ್ ಪ್ರಾಂತದ ಕಡಲತಡಿಯ ಗ್ರೆನೋ ಎಂಬ ಊರಿನಲ್ಲಿ ಜನಿಸಿದರು. ತಂದೆಯು ಹಡಗು ಕಟ್ಟುವ ವೃತ್ತಿಯವರು. ಮಗನಿಗೆ ಸಮುದ್ರದ ಮೇಲೂ ಆಸೆ, ಹುಳಹುಪ್ಪಟೆಗಳ ಮೇಲೂ ಆಸೆ. ಕೊನೆಗೆ ಹುಳಗಳೇ ಗೆದ್ದವು. ೧೮೯೩ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿ, ಮೊದಲು ವೈದ್ಯವಿದ್ಯೆಯನ್ನೂ ಬಳಿಕ ಪ್ರಾಣಿಶಾಸ್ತ್ರವನ್ನೂ ಅಭ್ಯಾಸಮಾಡಿದರು. ಅಲ್ಲಿ ಶರೀರಶಾಸ್ತ್ರದ ಆಚಾರ್ಯರಾಗಿದ್ದವರು ಕ್ರಿಸ್ಟಿಯನ್ ಬೋರ್ ಎಂಬ ಹೆಸರುವಾಸಿಯಾದ ಪಂಡಿತರು; ಪರಮಾಣುವಿನ ರಚನೆಯನ್ನು ವಿವರಿಸಿದ ನೀಲ್ಸ್ ಬೋರರ ತಂದೆ. ಈ ಗುರುಗಳ ಪ್ರಯೋಗಶಾಲೆಯಲ್ಲಿ ಕ್ರೋಗರು ೧೮೯೭ರಲ್ಲಿ ಸಹಾಯಕರಾಗಿ ನಿಂತರು. ಕಪ್ಪೆಯು ಚರ್ಮದಿಂದ ಎಷ್ಟು ಉಸಿರಾಡುತ್ತದೆ, ಶ್ವಾಸಕೋಶದಿಂದ ಎಷ್ಟು ಎಂಬುದನ್ನು ಅಳೆದು ೧೯೦೩ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಮಾರೀ ಅಮ್ಮನವರೂ ೧೮೭೪ರಲ್ಲಿಯೇ, ಡಿಸೆಂಬರ್ ೨೫ರಂದು, ಫ್ಯೂನ್ ದ್ವೀಪದ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿದವರು. ಆ ಕಾಲದ ಹಳ್ಳಿಯ ರೈತರ ಮಗಳು ವೈದ್ಯಳಾಗುವುದೆಂದರೆ ಸಾಮಾನ್ಯವಾದ ಸಂಗತಿಯಲ್ಲ. ವಯಸ್ಸು ಇಪ್ಪತ್ತೈದು ದಾಟಿದಮೇಲೆ ಪ್ರವೇಶ ಪರೀಕ್ಷೆಯನ್ನು ಮುಗಿಸಿ ವೈದ್ಯವಿದ್ಯೆಗೆ ಕೈಹಾಕಿದರು. ೧೯೦೫ರಲ್ಲಿ ಕ್ರೋಗರೊಡನೆ ವಿವಾಹವಾಯಿತು. ವಿವಾಹವಾದರೂ ಓದನ್ನು ನಿಲ್ಲಿಸದೆ ೧೯೦೭ರಲ್ಲಿ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಹೊಂದಿದರು. ಮರುವರ್ಷವೇ ದಂಪತಿಗಳಿಬ್ಬರೂ ಗ್ರೀನ್‌ಲೆಂಡಿಗೆ ಹೋಗಿ, ಮಾಂಸಾಹಾರದಿಂದಲೇ ಬದುಕುವ ಅಲ್ಲಿನ ಜನರ ಆಹಾರವನ್ನೂ ಉಸಿರಾಟವನ್ನೂ ಪರೀಕ್ಷಿಸಿಕೊಂಡು ಬಂದರು.

ಇನ್ನು ಈ ಚರಿತ್ರೆಯ ಗಂಟನ್ನು ಹೇಳಬೇಕು. ಗಾಳಿಯಲ್ಲಿರುವ ಆಮ್ಲಜನಕವು ಶ್ವಾಸಕೋಶದ ತೆಳುಪೊರೆಯನ್ನು ದಾಟಿ ರಕ್ತವನ್ನು ಸೇರುವುದು ಹೇಗೆ? ಒತ್ತಡ ಹೆಚ್ಚಾದ ಕಡೆಯಿಂದ ಕಡಿಮೆಯಾದ ಕಡೆಗೆ ವಾಯುವು ತಾನಾಗಿಯೇ ಹರಡುತ್ತದೆ, ಅದಕ್ಕಿಂತ ಬೇರೇನೂ ಇಲ್ಲವೆಂದು ಕೆಲವರು ಹೇಳುತ್ತಿದ್ದರು. ಬೋರರ ಮತವು ಬೇರೆ. ಬಾಯಿಯ ಗ್ರಂಥಿಯು ಜೊಲ್ಲನ್ನು ಸುರಿಸುವಂತೆ ಶ್ವಾಸಕೋಶವು ತನ್ನ ಸ್ವಂತ ಶಕ್ತಿಯಿಂದ ಆಮ್ಲಜನಕವನ್ನು ಹಿಡಿದು ರಕ್ತದೊಳಕ್ಕೆ ನೂಕುತ್ತದೆ ಎಂದು ಅವರು ಬಲವಾಗಿ ನಂಬಿದ್ದರು. ಕಠಿನವಾಗಿ ದುಡಿಯುವವನಿಗೆ ಬೇಕಾಗುವ ಅಪಾರವಾದ ಆಮ್ಲಜನಕವು ಬರಿಯ ಹರಡುವಿಕೆಯಿಂದ ಒದಗಲಾರದೆಂಬುದು ಈ ಪಕ್ಷದವರ ಮುಖ್ಯವಾದ ವಾದ. ಕ್ರೋಗರೂ ಮೊದಲು ಗುರುಗಳ ಮತವನ್ನೇ ಹಿಡಿದಿದ್ದರು. ಆದರೆ ಅವರ ಕೈಯಲ್ಲಿ ಒಂದು ಹೊಸ ಉಪಕರಣವು ಸಿದ್ಧವಾಗಿತ್ತು. ಸಾಸುವೆ ಕಾಳಿನಂತಹ ಒಂದು ಗಾಳಿಯ ಗುಳ್ಳೆಯನ್ನು ಹರಿಯುವ ರಕ್ತದೊಡನೆ ತಾಗಿಸಿಟ್ಟು, ಆ ಗುಳ್ಳೆಯಲ್ಲಿ ಯಾವ ವಾಯು ಎಷ್ಟಿದೆ ಎಂದು ಅಳೆದು, ರಕ್ತದೊಳಗಿನ ಒತ್ತಡವನ್ನು ತಿಳಿಯುವ ಸೂಕ್ಷ್ಮಯಂತ್ರ ಅದು. ಅದರಿಂದ ಗಂಡಹೆಂಡಿರಿಬ್ಬರೂ ಸೇರಿ ಅಳೆದಾಗಲೆಲ್ಲ ಒಂದೇ ಫಲ ದೊರೆಯಿತು: ರಕ್ತದಲ್ಲಿನ ಆಮ್ಲಜನಕದ ಒತ್ತಡವು ಶ್ವಾಸಕೋಶದ ಗಾಳಿಯಲ್ಲಿರುವುದಕ್ಕಿಂತ ಒಂದಿಷ್ಟು ಕಡಿಮೆಯಾಗಿಯೇ ಇತ್ತು, ಎಂದಿಗೂ ಮೀರಿರಲಿಲ್ಲ. ನೂಕುವ ಶಕ್ತಿಯೊಂದಿದ್ದರೆ ಒಮ್ಮೆಯಾದರೂ ಮೀರಬೇಕಾಗಿತ್ತಲ್ಲವೆ?

ಅನ್ನ ಕೊಟ್ಟ ಗುರುವಿನ ಮತವನ್ನು ಬಹಿರಂಗವಾಗಿ ಖಂಡಿಸುವುದು ಎಷ್ಟು ಕಷ್ಟವೆಂಬುದನ್ನು ಗುರುಭಕ್ತಿಯ ಸಂಪ್ರದಾಯದಲ್ಲಿ ಬೆಳೆದ ನಮ್ಮ ದೇಶದವರಿಗೆ ಹೇಳಬೇಕಾದುದಿಲ್ಲ. ಪ್ರಕಟಿಸದೆ ಸುಮ್ಮನಿದ್ದರೆ ಕ್ರೋಗರಿಗೆ ಯಾವ ನಷ್ಟವೂ ಇರಲಿಲ್ಲ. ಆದರೆ ಅವರು ೧೯೧೦ರಲ್ಲಿ ಏಳು ಲೇಖನಗಳನ್ನು ಒಂದೇ ಸಾರಿ ಪ್ರಕಟಿಸಿದರು. ಅವುಗಳಲ್ಲಿ ಕೆಲವು ಮಾರೀ ಅಮ್ಮನವರ ಹೆಸರನ್ನೂ ಹೊತ್ತಿದ್ದವು. ಈ ಲೇಖನಗಳಿಗೆ ಏಳು ಪುಟ್ಟ ಪಿಶಾಚಿಗಳೆಂಬ ಅಡ್ಡಹೆಸರೂ ಬಂದಿತು. ಗುರುಗಳಿಗೆ ತಾವು ಎಷ್ಟು ಋಣಿಗಳೆಂಬುದನ್ನು ಕ್ರೋಗರು ಅಲ್ಲಿಯೇ ಬರೆದು, ಅದರ ಜೊತೆಯಲ್ಲಿಯೇ ಅವರ ಮತವು ನಿಲ್ಲಲಾರದೆಂದು ಲೆಕ್ಕವನ್ನು ಮುಂದಿಟ್ಟರು. ಬೋರರು ೧೯೧೧ರ ಫೆಬ್ರುವರಿಯಲ್ಲಿ ಕಾಲವಾದರು. ಗುರುಶಿಷ್ಯರ ನಡುವಣ ಹಳೆಯ ಸಲುಗೆಯು ಮರಳಿ ಕೂಡಿಬರುವುದಕ್ಕೆ ಕಾಲವೇ ಉಳಿಯಲಿಲ್ಲ. ಕ್ರೋಗರು ಮಾಡಿದುದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೂ ಅದಕ್ಕೆ ಅವರು ತೆತ್ತ ಬೆಲೆಯು ಸಣ್ಣದೆಂದು ಹೇಳಲಾರೆವು.

ವಾದವು ಅಲ್ಲಿಗೆ ಮುಗಿಯಲಿಲ್ಲ. ಕಠಿನವಾದ ದುಡಿಮೆಯ ಸಮಯದಲ್ಲಿಯೂ ಹರಡುವಿಕೆಯೊಂದೇ ಸಾಕಾಗುವುದೆ ಎಂಬುದನ್ನು ಮನುಷ್ಯರಲ್ಲಿಯೇ ಅಳೆದು ತೋರಿಸಬೇಕಾಗಿತ್ತು. ಈ ಭಾಗವನ್ನು ಮುಖ್ಯವಾಗಿ ವಹಿಸಿಕೊಂಡವರು ಮಾರೀ ಅಮ್ಮನವರು. ಅತ್ಯಲ್ಪ ಪ್ರಮಾಣದ ಕಾರ್ಬನ್ ಮಾನಾಕ್ಸೈಡ್ ವಾಯುವನ್ನು ಒಂದೇ ಉಸಿರಿನಲ್ಲಿ ಒಳಗೆ ತೆಗೆದುಕೊಳ್ಳಿಸಿ, ಕೆಲವು ಸೆಕೆಂಡು ಉಸಿರನ್ನು ಹಿಡಿಸಿ, ಹೊರಬಿಟ್ಟ ಗಾಳಿಯಲ್ಲಿ ಅದು ಎಷ್ಟು ಕಡಿಮೆಯಾಗಿದೆಯೆಂದು ನೋಡಿದರೆ ಶ್ವಾಸಕೋಶದ ಪೊರೆಯು ಎಷ್ಟು ವಾಯುವನ್ನು ದಾಟಿಸಬಲ್ಲದೆಂಬುದು ತಿಳಿಯುತ್ತದೆ. ಈ ವಿಷಯದ ಮೇಲಣ ಗ್ರಂಥಕ್ಕೆ ೧೯೧೪ರಲ್ಲಿ ಅವರಿಗೆ ವೈದ್ಯಶಾಸ್ತ್ರದ ಡಾಕ್ಟರ್ ಪದವಿಯು ದೊರೆಯಿತು. ೧೯೧೫ರಲ್ಲಿ ಅದು ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ದುಡಿಯುವಾಗ ಪೊರೆಯ ದಾಟಿಸುವ ಸಾಮರ್ಥ್ಯವು ತಾನೂ ಹೆಚ್ಚುವುದೆಂದೂ, ಅದು ಅವಶ್ಯಕತೆಗೆ ಸಾಲುವುದೆಂದೂ ಅದರಿಂದ ಸಿದ್ಧವಾಯಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ರೋಗಿಗಳಿಗೆ ಮಾಡುವ ಒಂದು ಮುಖ್ಯ ಪರೀಕ್ಷೆಯು ಈ ಅಮ್ಮನವರ ವಿಧಾನದಿಂದಲೇ ಬೆಳೆದು ಬಂದುದು. ಮನೆಯಲ್ಲಿ ಮಕ್ಕಳು, ಹೊರಗೆ ರೋಗಿಗಳು, ಪ್ರಯೋಗಶಾಲೆಯಲ್ಲಿ ಈ ಲೆಕ್ಕಾಚಾರ, ಇವೆಲ್ಲವನ್ನೂ ಅವರು ಒಟ್ಟಿಗೆ ನಡೆಸಿದರು. ಪ್ರಯೋಗಶಾಲೆಯೂ ವಾಸದ ಮನೆಯೂ ಒಂದೇ ಕಟ್ಟಡದಲ್ಲಿದ್ದುದು ಅನುಕೂಲವೋ ಪ್ರತಿಕೂಲವೋ ಎಂಬುದನ್ನು ಗೃಹಿಣಿಯರೇ ತೀರ್ಮಾನಿಸಲಿ.

ಇಂತಿರಲು ಕ್ರೋಗರು ಯೊಹಾನ್ನೆಸ್ ಲಿಂಡ್‌ಹಾರ್ಡ್ ಎಂಬ ವೈದ್ಯರೊಡನೆ ಸೇರಿ, ದುಡಿಯುವ ಮನುಷ್ಯನ ರಕ್ತಸಂಚಾರವನ್ನು ಅಳೆಯತೊಡಗಿದ್ದರು. ಇದಕ್ಕಾಗಿ ವಿದ್ಯುತ್ತಿನ ಅಯಸ್ಕಾಂತದಿಂದ ತಡೆ ಕೊಡುವ, ನಿಂತಲ್ಲಿಯೇ ತುಳಿಯುವ ಒಂದು ಬೈಸಿಕಲ್ಲನ್ನು ಕ್ರೋಗರು ರಚಿಸಿದರು. ತುಳಿಯುವವನು ಎಷ್ಟು ಕೆಲಸ ಮಾಡಿದನೆಂಬುದನ್ನು ಅದರಲ್ಲಿ ಸರಿಯಾಗಿ ಎಣಿಸಬಹುದಾಗಿತ್ತು. ೧೯೧೩ರಲ್ಲಿ ಅವರಿಬ್ಬರೂ ಕಂಡುಕೊಂಡ ಒಂದು ಸಂಗತಿಯು ಸ್ವಾರಸ್ಯವಾಗಿದೆ. ಏನೆಂದರೆ, ತುಳಿಯತೊಡಗಿದ ಕ್ಷಣದಲ್ಲಿಯೇ, ಮಾಂಸಖಂಡಗಳಿಂದ ಹೊರಟ ಮಲಿನರಕ್ತವು ಎಲ್ಲಿಗೂ ತಲುಪುವುದಕ್ಕೆ ಮೊದಲೇ, ಉಸಿರೂ ಗುಂಡಿಗೆಯ ಬಡಿತವೂ ಏರುತ್ತವೆ. ಕಾಲಿಗೆ ಅಪ್ಪಣೆ ಕೊಡುವ ಮೆದುಳೇ ಶ್ವಾಸಕ್ಕೂ ಹೃದಯಕ್ಕೂ ಅದೇ ಗಳಿಗೆಯಲ್ಲಿ ಸುದ್ದಿ ಮುಟ್ಟಿಸುತ್ತದೆಂದು ಅವರು ಊಹಿಸಿದರು.

ಇಂದು ನಮಗೆ ತಿಳಿದಿರುವ ಲೆಕ್ಕವನ್ನು ಇಲ್ಲಿ ಒಂದಿಷ್ಟು ಹೇಳದಿದ್ದರೆ ಮುಂದಣ ಮಾತು ಅರ್ಥವಾಗದು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರು ರಕ್ತವನ್ನು ಹೊರಕ್ಕೆ ಕಳುಹಿಸುತ್ತದೆ. ದೇಹವು ಅದರಿಂದ ಸುಮಾರು ೨೫೦ ಮಿಲಿಲೀಟರು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಶಕ್ತಿಮೀರಿ ಓಡುವಾಗ ಸಾಧನೆಯುಳ್ಳವನ ಹೃದಯವು ೨೦ರಿಂದ ೨೫ ಲೀಟರುಗಳನ್ನು ಕಳುಹಿಸಬಲ್ಲದು. ಬಳಕೆಯು ೩ ಲೀಟರುಗಳನ್ನೂ ಮೀರಬಹುದು. ಅಂದರೆ ರಕ್ತದ ಹರಿವು ನಾಲ್ಕೈದು ಪಾಲು ಹೆಚ್ಚಿದರೆ ಆಮ್ಲಜನಕದ ಬಳಕೆಯು ಹತ್ತು ಹನ್ನೆರಡು ಪಾಲು ಹೆಚ್ಚುತ್ತದೆ. ಉಳಿದುದು ಎಲ್ಲಿಂದ ಬಂದಿತು? ನೂರು ಮಿಲಿಲೀಟರು ಶುದ್ಧರಕ್ತವು ಸುಮಾರು ೨೦ ಮಿಲಿಲೀಟರು ಆಮ್ಲಜನಕವನ್ನು ಹೊತ್ತಿರುತ್ತದೆ. ವಿಶ್ರಾಂತಿಯಲ್ಲಿ ಅದರಲ್ಲಿ ಕಾಲುಭಾಗವನ್ನು ಮಾತ್ರ ಕೊಟ್ಟು, ೧೫ರಷ್ಟನ್ನು ಹೊತ್ತುಕೊಂಡೇ ಹೃದಯಕ್ಕೆ ಹಿಂದಿರುಗುತ್ತದೆ. ಕಠಿನವಾಗಿ ದುಡಿದ ಕಾಲಿನಿಂದ ಹಿಂದಿರುಗುವ ರಕ್ತದಲ್ಲಿಯಾದರೋ ೫ರಷ್ಟೂ ಉಳಿದಿರುವುದಿಲ್ಲ. ಆರೋಗ್ಯವಂತರಲ್ಲಿ ಇಷ್ಟಾದರೂ ಶ್ವಾಸಕೋಶದಿಂದ ಹೊರಡುವ ರಕ್ತವು ಪ್ರತಿ ಸಾರಿಯೂ ಬಹುಮಟ್ಟಿಗೆ ತುಂಬಿಕೊಂಡೇ ಹೊರಡುತ್ತದೆಂಬುದು ಆಶ್ಚರ್ಯ. ಬಿಸಿಯಾಗಿ, ಇಂಗಾಲಾಮ್ಲವಾಯುವಿನಿಂದ ತುಂಬಿದ ಮಾಂಸದ ಬಳಿಗೆ ಬಂದೊಡನೆ ರಕ್ತದ ಕೆಂಪು ವಸ್ತುವಾದ ಹೀಮೊಗ್ಲೋಬಿನ್ ತನ್ನ ಹಿಡಿತವನ್ನು ಸಡಿಲಿಸುತ್ತದೆ. ಬೇಡಿಕೆ ಇರುವಲ್ಲಿಯೇ ಕೈಬಿಡುವ ಈ ಗುಣವನ್ನು ೧೯೦೪ರಲ್ಲಿ ತೋರಿಸಿಕೊಟ್ಟವರು ಬೋರ್, ಹ್ಯಾಸೆಲ್‌ಬಾಲ್ಕ್, ಕ್ರೋಗ್ ಈ ಮೂವರು. ಗುರುವಿನ ಒಂದು ಮತವು ಬಿದ್ದರೂ ಇನ್ನೊಂದು ಇಂದಿಗೂ ಅವರ ಹೆಸರಿನಿಂದಲೇ ಬಾಳುತ್ತಿದೆ.

ಹೊರುವ ವಸ್ತುವೇ ಕಡಿಮೆಯಾಗಿದ್ದರೆ ಈ ಏರ್ಪಾಟುಗಳೆಲ್ಲ ಇದ್ದೂ ಪೂರ್ಣಫಲವಿಲ್ಲವೆಂಬುದನ್ನು ನಮ್ಮ ಬಾಲಿಕೆಯರ ತಾಯಂದಿರು ಗಮನಿಸಬೇಕು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೧೯ ವರ್ಷದ ಹುಡುಗಿಯರಲ್ಲಿ ನೂರಕ್ಕೆ ಸುಮಾರು ೫೯ ಮಂದಿಗೆ ರಕ್ತಹೀನತೆ ಇದ್ದಿತು. ಓಟದ ಪಂದ್ಯದಲ್ಲಿ ಹಿಂದೆ ಬೀಳುವವಳನ್ನು ಸೋಮಾರಿಯೆಂದು ಜರೆಯುವುದಕ್ಕೆ ಮುಂಚೆ ಆಕೆಯ ರಕ್ತವನ್ನು ಪರೀಕ್ಷೆಮಾಡಿಸುವುದು ಲೇಸು.

ಈಗ ಕ್ರೋಗರಿಗೆ ಕೀರ್ತಿಯನ್ನು ತಂದ ಶೋಧನೆಯ ಮಾತು. ಹೃದಯದಿಂದ ಹೊರಟ ರಕ್ತವು ಕವಲೊಡೆದು ಕವಲೊಡೆದು ಕೊನೆಗೆ ಕೂದಲಿಗಿಂತಲೂ ಎಷ್ಟೋ ಸಣ್ಣದಾದ ಲೋಮನಾಳಗಳನ್ನು ಸೇರುತ್ತದೆ. ರಕ್ತದ ಕೆಂಪು ಕಣವೊಂದು ಮೈಯನ್ನು ಬಗ್ಗಿಸಿಕೊಂಡು ನುಸುಳಬೇಕು, ಅಷ್ಟು ಇಕ್ಕಟ್ಟು. ಆಮ್ಲಜನಕವು ಮಾಂಸಕ್ಕೆ ಇಳಿಯುವುದು ಇಲ್ಲಿಯೇ. ಇದನ್ನು ವಿವರಿಸುವುದಕ್ಕೆ ನಮ್ಮ ಸೀಮೆಗಿಂತ ಉತ್ತಮವಾದ ಉದಾಹರಣೆಯು ಸಿಕ್ಕಲಾರದು. ಕನ್ನಂಬಾಡಿಯ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮಾತ್ರಕ್ಕೆ ಗದ್ದೆಯು ನೆನೆಯುವುದಿಲ್ಲ. ನಾಲೆಯಿಂದ ಉಪನಾಲೆ, ಅದರಿಂದ ಹೊಲಗಾಲುವೆ, ಅಲ್ಲಿ ನೀರುಗಂಟಿಯು ಬಂದು ಮಡೆಯನ್ನು ಬಿಚ್ಚಿದಮೇಲೆ ಪೈರಿನ ಬುಡಕ್ಕೆ ನೀರು. ಶ್ರೀರಂಗಪಟ್ಟಣ ಪಾಂಡವಪುರಗಳ ನಾಲೆಯಂಚಿನವರಿಗೂ, ಹೇಮಾವತಿಯ ನೀರನ್ನುಣ್ಣುವ ಕೃಷ್ಣರಾಜಪೇಟೆಯವರಿಗೂ ಇದು ದಿನದ ಅನುಭವ. ನಾಗಮಂಗಲದ ಮಳೆಯಾಸರೆಯ ಊರುಗಳವರು ಕೆರೆಯ ತೂಬನ್ನು ನೆನೆದುಕೊಂಡರೆ ಸಾಕು.

ಕ್ರೋಗರ ತರ್ಕವು ಹೀಗಿತ್ತು. ದುಡಿಯುವಾಗ ಕಾಲುವೆಗಳ ಸಂಖ್ಯೆಯು ಇದ್ದಷ್ಟೇ ಇದ್ದು, ನೀರಿನ ವೇಗ ಮಾತ್ರ ಹೆಚ್ಚಿದರೆ, ನೀರು ಮಣ್ಣಿಗೆ ಇಂಗುವುದಕ್ಕೆ ಸಮಯವೇ ಸಾಲದೆ ಮುಂದಕ್ಕೆ ಓಡಿಹೋಗಬೇಕು. ಆದರೆ ತಾವೂ ಲಿಂಡ್‌ಹಾರ್ಡರೂ ಅಳೆದಂತೆ ರಕ್ತವು ಆಗ ಹೆಚ್ಚು ಆಮ್ಲಜನಕವನ್ನು ಕೊಟ್ಟೇ ಹಿಂದಿರುಗುತ್ತದೆ. ಆದುದರಿಂದ ವಿಶ್ರಾಂತಿಯಲ್ಲಿ ಮುಚ್ಚಿಕೊಂಡಿದ್ದ ಕಾಲುವೆಗಳು ದುಡಿಮೆಯಲ್ಲಿ ತೆರೆದುಕೊಳ್ಳುತ್ತಿರಲೇಬೇಕು. ಊಹೆಯನ್ನು ಪರೀಕ್ಷಿಸುವುದಕ್ಕಾಗಿ ಅವರು ಕಪ್ಪೆಗಳ ಮತ್ತು ಗಿನಿ ಇಲಿಗಳ ರಕ್ತಕ್ಕೆ ಕಪ್ಪು ಮಸಿಯನ್ನು ಸೇರಿಸಿ, ಮಾಂಸವನ್ನು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ಮಸಿ ಹೊಕ್ಕಿರುವ ನಾಳಗಳನ್ನು ಎಣಿಸಿದರು. ಗಿನಿ ಇಲಿಯ ಸುಮ್ಮನಿದ್ದ ಮಾಂಸದಲ್ಲಿ ಒಂದು ಚದರ ಮಿಲಿಮೀಟರಿಗೆ ಮುನ್ನೂರನ್ನೂ ಮುಟ್ಟದ ಸಂಖ್ಯೆಯು ದುಡಿದ ಮಾಂಸದಲ್ಲಿ ಎರಡು ಸಾವಿರವನ್ನು ಮೀರಿತು. ಒಂದು ಲೋಮನಾಳವು ತನ್ನ ಸುತ್ತಲಿನ ಎಷ್ಟು ಮಾಂಸಕ್ಕೆ ಆಮ್ಲಜನಕವನ್ನು ಒದಗಿಸಬಲ್ಲದೆಂಬುದಕ್ಕೆ ಗಣಿತಸೂತ್ರವನ್ನು ಮಾಡಿಕೊಟ್ಟವರು ಎರ್ಲಾಂಗ್ ಎಂಬ ಗಣಿತಜ್ಞರು. ಟೆಲಿಫೋನ್ ಕಂಪನಿಯಲ್ಲಿ ಕರೆಗಳ ದಟ್ಟಣೆಯನ್ನು ಲೆಕ್ಕಹಾಕುತ್ತಿದ್ದವರು. ವಿದ್ಯೆಗೆ ಬೇಲಿಯಿಲ್ಲ.

ಈ ಕಾರ್ಯಕ್ಕಾಗಿ ೧೯೨೦ರ ನೊಬೆಲ್ ಬಹುಮಾನವು ಕ್ರೋಗರಿಗೆ ದೊರೆಯಿತು. ಬಹುಮಾನದಲ್ಲಿ ಮಾರೀ ಅಮ್ಮನವರ ಹೆಸರಿಲ್ಲವೆಂದು ಇಂದಿನವರು ಆಕ್ಷೇಪಿಸುವುದುಂಟು. ಲೋಮನಾಳಗಳ ಶೋಧನೆಯು ಕ್ರೋಗರದೇ ಆದುದರಿಂದ ಅದರಲ್ಲಿ ಅನ್ಯಾಯವೇನೂ ನಮಗೆ ಕಾಣುವುದಿಲ್ಲ. ಆದರೆ ಆ ಶೋಧನೆಗೆ ದಾರಿಯಾದ ಹರಡುವಿಕೆಯ ಲೆಕ್ಕವು ಇಬ್ಬರ ಬೆವರಿನಿಂದ ಹುಟ್ಟಿದುದು. ಅದನ್ನು ಶಾಲೆಯ ಪುಸ್ತಕಗಳು ಹೇಳದೆ ಬಿಡುವುದು ಸರಿಯಲ್ಲ.

ಶಿಷ್ಯರು ಗುರುವನ್ನು ತಿದ್ದುವ ಕ್ರಮವು ಕ್ರೋಗರ ವಿಷಯದಲ್ಲಿಯೂ ನಡೆಯಿತು. ಮಡೆಯನ್ನು ಬಿಚ್ಚುವ ನೀರುಗಂಟಿಯು ಲೋಮನಾಳದ ಗೋಡೆಯಲ್ಲಿಯೇ ಇದ್ದಾನೆಂದು ಅವರು ತಿಳಿದಿದ್ದರು. ಅವನು ಹೆಚ್ಚಾಗಿ ಅದಕ್ಕಿಂತ ಒಂದು ಹಂತ ಮೇಲಿನ ಕಿರು ಅಪಧಮನಿಗಳಲ್ಲಿದ್ದಾನೆಂದು ಬಳಿಕ ಗೊತ್ತಾಯಿತು. ಅಲ್ಲಿ ನಾಳವು ಕೊಂಚ ಹಿಗ್ಗಿದರೂ ಹರಿವು ಬಹಳವಾಗಿ ಹೆಚ್ಚುತ್ತದೆ. ನಾಳದ ಅಗಲವು ಎರಡರಷ್ಟಾದರೆ ಹರಿವು ಹದಿನಾರರಷ್ಟಾಗುತ್ತದೆಂಬುದು ಪೊಯ್ಸೆಯ್ ಎಂಬ ಫ್ರೆಂಚ್ ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡ ನಿಯಮ. ಸುಮ್ಮನಿರುವ ಮಾಂಸದಲ್ಲಿಯೂ ಬಹುಪಾಲು ಲೋಮನಾಳಗಳಲ್ಲಿ ಕಣಗಳು ಮೆಲ್ಲಮೆಲ್ಲನೆ ಚಲಿಸುತ್ತಲೇ ಇರುತ್ತವೆಂದು ಈಚಿನ ಸಂಶೋಧಕರಲ್ಲಿ ಅನೇಕರು ಹೇಳುತ್ತಾರೆ. ರಕ್ತದ ಸಾಂದ್ರತೆಯ ವಿಷಯವೂ ಇದೆ. ಬೆವರು ಸುರಿದು, ನೀರಿನಂಶವು ಮಾಂಸಕ್ಕೆ ಇಳಿದು, ಕಠಿನ ದುಡಿಮೆಯಲ್ಲಿ ರಕ್ತವು ಕೊಂಚ ಮಂದವಾಗುತ್ತದೆ. ಆದರೂ ಅತಿ ಸಣ್ಣ ನಾಳಗಳಲ್ಲಿ ರಕ್ತವು ದೊಡ್ಡವುಗಳಲ್ಲಿರುವುದಕ್ಕಿಂತ ತೆಳುವಾದ ದ್ರವದಂತೆ ವರ್ತಿಸುತ್ತದೆಂಬುದನ್ನು ಸ್ವೀಡನ್ನಿನ ಫಾರೇಯುಸ್ ಮತ್ತು ಲಿಂಡ್‌ಕ್ವಿಸ್ಟ್ ೧೯೩೧ರಲ್ಲಿ ತೋರಿಸಿಕೊಟ್ಟರು. ದುಡಿಮೆಗೆ ತಕ್ಕಂತೆ ನಾಳಗಳ ದಾರಿಯು ತೆರೆಯುತ್ತದೆಂಬ ಕ್ರೋಗರ ಮುಖ್ಯಭಾವನೆಯಿಂದಲೇ ಈ ತಿದ್ದುಪಡಿಗಳೆಲ್ಲ ಹೊರಟಿವೆ.

೧೯೨೨ರಲ್ಲಿ ಉಪನ್ಯಾಸಗಳಿಗಾಗಿ ದಂಪತಿಗಳು ಅಮೆರಿಕಕ್ಕೆ ಹೋದರು. ಅಷ್ಟರಲ್ಲಿ ಮಾರೀ ಅಮ್ಮನವರಿಗೆ ಸಿಹಿಮೂತ್ರರೋಗವು ಅಂಟಿಕೊಂಡಿತ್ತು. ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಎಂಬ ಔಷಧವು ಕಂಡುಹಿಡಿಯಲ್ಪಟ್ಟಿದೆಯೆಂದು ಕೇಳಿ, ಅಲ್ಲಿಗೆ ಹೋಗಲೇಬೇಕೆಂದು ಗಂಡನನ್ನು ಒತ್ತಾಯಪಡಿಸಿದವರು ಆಕೆಯೇ. ಕ್ರೋಗರು ಟೊರಾಂಟೊಗೆ ಹೋಗಿ, ತಮ್ಮ ದೇಶಗಳಲ್ಲಿ ಅದನ್ನು ತಯಾರಿಸುವುದಕ್ಕೆ ಅನುಮತಿಯನ್ನು ಪಡೆದುಬಂದರು. ಅಮ್ಮನವರ ವೈದ್ಯರಾಗಿದ್ದ ಹ್ಯಾಗೆಡಾರ್ನರೊಡನೆ ಸೇರಿ, ಊರಿಗೆ ಮರಳಿದ ಕೆಲವೇ ದಿನಗಳಲ್ಲಿ, ಅಂದರೆ ಆ ಡಿಸೆಂಬರಿನಲ್ಲಿಯೇ, ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ತೆಗೆದರು. ೧೯೨೩ರ ಮಾರ್ಚಿ ತಿಂಗಳಿನಲ್ಲಿ ಡೆನ್ಮಾರ್ಕಿನ ಮೊದಲ ರೋಗಿಗಳಿಗೆ ಅದು ದೊರೆಯಿತು. ಅದಕ್ಕಿಂತ ಮೊದಲು ಈ ರೋಗವು ತಗುಲಿದ ಮಕ್ಕಳು ಬದುಕುವುದೇ ಇರಲಿಲ್ಲವೆಂಬುದನ್ನು ನೆನೆದರೆ ಇದರ ಬೆಲೆಯು ತಿಳಿಯುತ್ತದೆ. ಅವರು ಸ್ಥಾಪಿಸಿದ ನಾರ್ಡಿಸ್ಕ್ ಸಂಸ್ಥೆಯು ೧೯೮೯ರಲ್ಲಿ ನೋವೊ ಎಂಬ ಇನ್ನೊಂದರೊಡನೆ ಕೂಡಿ ನೋವೊ ನಾರ್ಡಿಸ್ಕ್ ಆಯಿತು. ನಮ್ಮ ಊರುಗಳ ಔಷಧದಂಗಡಿಗಳಲ್ಲಿಯೂ ಆ ಹೆಸರನ್ನು ಕಾಣಬಹುದು.

೧೯೨೮ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಧನಸಹಾಯದಿಂದ ಕೋಪನ್‌ಹೇಗನ್ನಿನಲ್ಲಿ ಕ್ರೋಗರಿಗೆ ವಿಶಾಲವಾದ ಪ್ರಯೋಗಮಂದಿರವು ದೊರೆಯಿತು. ಸುಮಾರು ಅದೇ ಕಾಲದಲ್ಲಿ ಈ ಸಂಸ್ಥೆಯೇ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯೊಡನೆ ಸೇರಿ ಮಲೇರಿಯಾ ನಿವಾರಣೆಯ ಕೆಲಸವನ್ನು ಕೈಕೊಂಡಿದ್ದಿತು. ಮುಂದೆ ಯುದ್ಧ ಬಂದಿತು. ೧೯೪೦ರ ಏಪ್ರಿಲಿನಲ್ಲಿ ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದರು. ಆ ಕತ್ತಲೆಯ ವರ್ಷಗಳಲ್ಲಿಯೇ, ೧೯೪೩ರ ಮಾರ್ಚಿಯಲ್ಲಿ, ಮಾರೀ ಅಮ್ಮನವರು ಅರ್ಬುದರೋಗದಿಂದ ತೀರಿಕೊಂಡರು. ಇನ್ಸುಲಿನ್ನಿನ ಬಲದಿಂದ ಅವರು ಇಪ್ಪತ್ತು ವರ್ಷಗಳನ್ನು ಹೆಚ್ಚಾಗಿ ಬಾಳಿದ್ದರು. ಕ್ರೋಗರು ಜೀವಭಯದಿಂದ ತಲೆಮರೆಸಿಕೊಂಡು ಸ್ವೀಡನ್ನಿಗೆ ಹೋಗಬೇಕಾಯಿತು. ಯುದ್ಧ ಮುಗಿದಮೇಲೆ ಹಿಂದಿರುಗಿ, ಉದ್ಯೋಗದಿಂದ ನಿವೃತ್ತರಾಗಿ, ಬಾಲ್ಯದ ಪ್ರೀತಿಯಾದ ಹುಳಗಳಿಗೇ ಮರಳಿದರು. ಮಿಡತೆಗಳನ್ನು ತಿರುಗುವ ಚಕ್ರವೊಂದಕ್ಕೆ ಕಟ್ಟಿ ಗಂಟೆಗಟ್ಟಲೆ ಹಾರಿಸಿ, ಅವು ಎಷ್ಟು ಆಮ್ಲಜನಕವನ್ನು ಬಳಸುತ್ತವೆಂದು ಅಳೆಯುತ್ತಿದ್ದರು. ಮಿಡತೆಯಲ್ಲಿ ಆಮ್ಲಜನಕವನ್ನು ರಕ್ತವು ಹೊರುವುದಿಲ್ಲ. ಗಾಳಿಯು ಸಣ್ಣ ಕೊಳವೆಗಳ ಮೂಲಕ ನೇರವಾಗಿ ಮಾಂಸದವರೆಗೂ ಹೋಗುತ್ತದೆ. ಈ ಕೆಲಸವು ನಡೆಯುತ್ತಿದ್ದಂತೆಯೇ ೧೯೪೯ರ ಸೆಪ್ಟೆಂಬರ್ ೧೩ರಂದು ಅವರು ಕಾಲವಶರಾದರು.

ನಾಲ್ವರು ಮಕ್ಕಳಲ್ಲಿ ಕಿರಿಯಳಾದ ಬೋಡಿಲ್ ೧೯೧೮ರಲ್ಲಿ ಹುಟ್ಟಿದವರು. ತಾಯಿತಂದೆಗಳ ಶಾಸ್ತ್ರವನ್ನೇ ಹಿಡಿದು ಅಮೆರಿಕಕ್ಕೆ ಹೋಗಿ ನೆಲೆಸಿದ ಅವರನ್ನು ೧೯೭೫ರಲ್ಲಿ ಅಲ್ಲಿನ ಶರೀರಶಾಸ್ತ್ರಜ್ಞರ ಸಂಘವು ತನ್ನ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ೧೮೮೭ರಲ್ಲಿ ಹುಟ್ಟಿದ ಆ ಸಂಘದ ಪೀಠದಲ್ಲಿ ಅದುವರೆಗೆ ಯಾವ ಸ್ತ್ರೀಯೂ ಕುಳಿತಿರಲಿಲ್ಲ. ೧೯೯೫ರಲ್ಲಿ ಬೋಡಿಲ್ ಅಮ್ಮನವರು ತಂದೆತಾಯಿಗಳ ಚರಿತ್ರೆಯನ್ನು ಬರೆದು ಪ್ರಕಟಿಸಿದರು; ಅದರ ಹೆಸರಿನಲ್ಲಿ ಆಗಸ್ಟ್ ಮತ್ತು ಮಾರೀ ಇಬ್ಬರೂ ಇದ್ದಾರೆ.